ಉಂಡ ಅನ್ನದ ನೆನಹು ಮತ್ತು ಮಹಾದಾಸೋಹಿ ಶರಣಬಸವೇಶ್ವರರು



ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಜೇವರ್ಗಿಯ ಎರೆಹೊಲದವರು, ಕಮಲಾಪುರದ ಕೆಂಪು ಬಾಳೆಯ ತೋಟದವರು, ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿ ಊರುಗಳವರು ಎಲ್ಲರೂ ಅಂದು ಅಪ್ಪನ ಗುಡಿಯ ಕಡೆಗೆ ಮುಖ ಮಾಡಿದವರೇ. ಬಿಸಿಲು ಆಗಲೇ ಕಾಯತೊಡಗಿರುತ್ತದೆ. ತಲೆಯ ಮೇಲೆ ಟವೆಲು ಹಾಕಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಜನ ಕಾಯುತ್ತಾರೆ. ತೇರಿನ ಹಗ್ಗಕ್ಕೆ ಕೈ ಹಾಕುವ ಮೊದಲು ಪೀಠಾಧಿಪತಿಗಳು ಒಂದು ಬಟ್ಟಲನ್ನು ಎತ್ತಿ ಜನಸ್ತೋಮಕ್ಕೆ ತೋರಿಸುವುದು ಇಲ್ಲಿಯ ಸಂಪ್ರದಾಯ. ಶರಣರು ತಮ್ಮ ಕೈಯಲ್ಲಿ ಹಿಡಿದಿದ್ದ ಬಟ್ಟಲೆಂದು ಭಕ್ತರು ನಂಬಿದ ಪರುಷ ಬಟ್ಟಲು ಅದು. ಅದು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಸಾವಿರ ಸಾವಿರ ಕೈಗಳು ಒಮ್ಮೆಗೇ ಜೋಡಿಕೊಳ್ಳುತ್ತವೆ.

ವಿಚಾರ ಮಾಡಿ ನೋಡಿರಿ. ರಾಜರ ಉತ್ಸವಗಳಲ್ಲಿ ಖಡ್ಗದ ದರ್ಶನವಾಗುತ್ತದೆ, ಸಿಂಹಾಸನದ ದರ್ಶನವಾಗುತ್ತದೆ. ಪಂಡಿತರ ಸಮಾರಂಭಗಳಲ್ಲಿ ಗ್ರಂಥದ ಮೆರವಣಿಗೆಯಾಗುತ್ತದೆ. ಇಲ್ಲಿ ಮಾತ್ರ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಒಬ್ಬ ಗೃಹಸ್ಥನ ಬಟ್ಟಲು ಎಲ್ಲಕ್ಕಿಂತ ದೊಡ್ಡ ಸಂಪತ್ತೆಂದು ಎತ್ತಿ ಹಿಡಿಯಲ್ಪಡುತ್ತದೆ. ಬಟ್ಟಲೆಂದರೆ ಏನು? ನೀಡುವುದಕ್ಕೂ ಅದೇ ಬೇಕು, ಬೇಡುವುದಕ್ಕೂ ಅದೇ ಬೇಕು. ಒಂದೇ ಬಟ್ಟಲು ಎರಡು ಕೆಲಸ ಮಾಡುತ್ತದೆ.

ಆ ಬಟ್ಟಲಿನ ಎದುರು ನಿಂತು ನಾವು ಏನು ಕೇಳುತ್ತೇವೆ ಎಂಬುದು ನಮ್ಮ ನಮ್ಮ ಮನಸ್ಸಿಗೇ ಗೊತ್ತು. ಮಗನಿಗೆ ನೌಕರಿ, ಮಗಳಿಗೆ ವರ, ಬೋರಿಗೆ ನೀರು, ತೊಗರಿಗೆ ದರ. ಕೇಳುವುದು ತಪ್ಪಲ್ಲ. ಕಷ್ಟದಲ್ಲಿರುವವನು ದೇವರನ್ನಲ್ಲದೆ ಇನ್ನಾರನ್ನು ಕೇಳಬೇಕು? ಆದರೆ ಹೋದ ವರ್ಷ ಕೇಳಿದ್ದು ಈ ವರ್ಷ ಕೈಗೂಡಿದ್ದರೆ, ಅದನ್ನು ಹೇಳಿಕೊಳ್ಳುವುದಕ್ಕೆಂದೇ ಬಂದವರು ಎಷ್ಟು ಜನ? ಕೈಗೂಡಿದ ಮರುದಿನವೇ ಅದು ನಮ್ಮ ಹಕ್ಕಾಗಿಬಿಡುತ್ತದೆ, ಹೊಸ ಕೊರತೆಯೊಂದು ಹುಟ್ಟುತ್ತದೆ. ಉಂಡ ಮನೆಯ ಜಂತಿ ಎಣಿಸಬಾರದೆಂದು ನಮ್ಮ ಹಿರಿಯರು ಗಾದೆ ಮಾಡಿ ಇಟ್ಟರು. ಈ ಜಗತ್ತೆಂಬ ಮನೆಯಲ್ಲಿ ಮೂರು ಹೊತ್ತು ಉಂಡು ಮೇಲೆ ನೋಡಿ ಜಂತಿ ಎಣಿಸುತ್ತಿರುವವರು ನಾವು.

ಶರಣಬಸವೇಶ್ವರರ ಚರಿತ್ರೆಯನ್ನು ಪವಾಡಗಳ ಚರಿತ್ರೆಯೆಂದು ಕೇಳಿದವರೇ ಹೆಚ್ಚು. ಶ್ರಾವಣ ಬಂತೆಂದರೆ ನಮ್ಮ ಭಾಗದ ಹಳ್ಳಿ ಹಳ್ಳಿಗಳಲ್ಲಿ ಅವರ ಪುರಾಣ ಹಚ್ಚುತ್ತಾರೆ. ಪವಾಡ ಬಂದಾಗ ಜನ ತಲೆದೂಗುತ್ತಾರೆ, ದಾಸೋಹದ ಪ್ರಸಂಗ ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ಆ ಕಣ್ಣೀರಿನ ಕಡೆಯಿಂದಲೇ ಇಂದು ಈ ಚರಿತ್ರೆಯನ್ನು ನೋಡುವ ಮನಸ್ಸಾಗಿದೆ. ಅವರ ಬದುಕು ಬಂದದ್ದನ್ನು ನೆನೆಯುವ ಬದುಕಾಗಿತ್ತು.

ಶರಣರು ಹುಟ್ಟಿದ್ದು 1746ರಲ್ಲಿ, ಅರಳಗುಂಡಗಿ ಎಂಬ ಹಳ್ಳಿಯಲ್ಲಿ. ಮೊದಲು ಜೇವರ್ಗಿ ತಾಲ್ಲೂಕಿನಲ್ಲಿದ್ದ ಊರು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ತಂದೆ ಮಲಕಪ್ಪ, ತಾಯಿ ಸಂಗಮ್ಮ. ಕಲಕೇರಿಯ ಮರುಳಾರಾಧ್ಯರು ಗುರುಗಳು. ಮಡದಿ ಮಹಾದೇವಿ. ಇವರು ಕಾವಿ ಉಟ್ಟು ಮನೆ ಬಿಟ್ಟ ಸನ್ಯಾಸಿಯಲ್ಲ ಎಂಬುದನ್ನು ಮೊದಲು ಗಮನಿಸಬೇಕು. ರಂಟೆ ಹೊಡೆದವರು, ಕೂರಿಗೆ ಹಿಡಿದವರು, ಮಳೆಗಾಗಿ ಮುಗಿಲು ನೋಡಿದವರು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕಾಯಕ ಮತ್ತು ದಾಸೋಹಗಳನ್ನು ಒಂದೇ ಎತ್ತಿನ ಗಾಡಿಯ ಎರಡು ಗಾಲಿಗಳಂತೆ ಹೂಡಿದರು. ಸುಮಾರು ಆರು ನೂರು ವರ್ಷಗಳ ತರುವಾಯ ಆ ಗಾಡಿ ಅರಳಗುಂಡಗಿಯ ಹೊಲದ ದಾರಿಯಲ್ಲಿ ಮತ್ತೆ ಸಾಗಿತು.

ದಾಸೋಹ ಎಂಬ ಶಬ್ದದ ಅರ್ಥ ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇವೆ. ಊಟ ಹಾಕುವುದೇ ದಾಸೋಹವೆಂದು ಲೆಕ್ಕ. ಆದರೆ ಆ ಶಬ್ದದ ಒಳಗೆ ಇರುವುದು ನಾನು ದಾಸನು ಎಂಬ ಭಾವ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಬಾಗಬೇಕು. ಉಣ್ಣಲು ಬಂದವನು ನನ್ನ ಮನೆಯ ಬಾಗಿಲಿಗೆ ಬಂದು ನನ್ನ ಮೇಲೆ ಉಪಕಾರ ಮಾಡಿದನೆಂದು ತಿಳಿಯಬೇಕು. ಕೇಳಲಿಕ್ಕೆ ಇದು ತಿರುಗುಮುರುಗಾದ ಮಾತು. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿರಿ. ಕಾಳು ಯಾರದು? ಮಣ್ಣು ನಾವು ಮಾಡಿದ್ದಲ್ಲ, ಮಳೆ ನಾವು ಸುರಿಸಿದ್ದಲ್ಲ. ಎತ್ತು ಹೆಗಲು ಕೊಟ್ಟಿತು, ಬಡಿಗ ಕೂರಿಗೆ ಮಾಡಿಕೊಟ್ಟ, ಕಮ್ಮಾರ ಕುಡಗೋಲು ಹದ ಮಾಡಿದ. ಬಂದದ್ದನ್ನು ಹಂಚಿದರೆ ಸಾಲ ತೀರಿಸಿದಂತಾಯಿತೇ ಹೊರತು ದಾನ ಮಾಡಿದಂತಾಗಲಿಲ್ಲ. ಕೊಡುವುದಕ್ಕೆ ಹೊರಟವನಿಗೆ ಮೊದಲು ತಾನು ಪಡೆದದ್ದರ ನೆನಪಾಗಬೇಕು. ಶರಣರಲ್ಲಿ ಆ ನೆನಪು ಎಂದೂ ಮಾಸಲಿಲ್ಲ.

ಅವರ ಹೊಲದ ಕಥೆಯನ್ನು ನಮ್ಮ ಕಡೆ ಕೇಳದವರಿಲ್ಲ. ಆದರೂ ಒಕ್ಕಲುತನ ಮಾಡಿದವರಿಗೆ ಮಾತ್ರ ಅದರ ತೂಕ ಪೂರ್ತಿ ತಿಳಿಯುತ್ತದೆ. ಹಿಂಗಾರಿ ಬಿಳಿಜೋಳ ಎದೆಯುದ್ದ ಬೆಳೆದು ನಿಂತಿರುತ್ತದೆ. ತೆನೆಗೆ ಹಾಲು ತುಂಬುವ ಹೊತ್ತು. ಸೀತನಿ ತಿನ್ನಲು ಮಕ್ಕಳು ಹಾತೊರೆಯುವ ಕಾಲ. ಹಕ್ಕಿಗಳಿಗೂ ಅದೇ ಕಾಲ. ಬೆಳಗಿನ ಮಂಜು ಕರಗುವ ಮೊದಲೇ ಹಿಂಡು ಹಿಂಡಾಗಿ ಇಳಿಯುತ್ತವೆ. ಮೂರು ತಿಂಗಳ ಬೆವರು ಮೂರು ದಿನದಲ್ಲಿ ತೆನೆಯಿಂದ ಉದುರಿಹೋಗಬಹುದು. ಆದ್ದರಿಂದಲೇ ಅಟ್ಟಣಿಗೆ ಕಟ್ಟಿ ಮೇಲೆ ನಿಂತು ಕವಣೆ ಬೀಸುವುದು, ಡಬ್ಬಿ ಬಡಿಯುವುದು, ಗಂಟಲು ಹರಿಯುವಂತೆ ಕೂಗುವುದು. ಹಕ್ಕಿ ಕಾಯದವನನ್ನು ಊರು ಸೋಮಾರಿಯೆಂದು ಕರೆಯುತ್ತದೆ.

ಶರಣರು ಕವಣೆ ಹಿಡಿಯಲಿಲ್ಲ. ಹಕ್ಕಿಗಳು ತಿನ್ನಲೆಂದು ಬಿಟ್ಟರು. ಅಷ್ಟೇ ಅಲ್ಲ, ಕಾಳು ತಿಂದ ಹಕ್ಕಿಗೆ ನೀರಡಿಕೆಯಾಗುತ್ತದೆಂದು ಹೊಲದಲ್ಲಿ ನೀರಿನ ವ್ಯವಸ್ಥೆಯನ್ನೂ ಮಾಡಿದರೆಂದು ಪರಂಪರೆ ಹೇಳುತ್ತದೆ. ನೆರೆಹೊಲದವರು ನಕ್ಕರು. ಮನೆಯವರಿಗೆ ಆತಂಕವಾಯಿತು. ಒಂದು ಮನೆಯ ತುಂಬ ಜನ, ವರ್ಷದ ಗ್ರಾಸ ಆ ತೆನೆಗಳಲ್ಲಿ ನಿಂತಿದೆ. ಹಿರಿಯರ ಆತಂಕವನ್ನು ನಾವು ಹೀಗಳೆಯಲಾಗದು. ಹಸಿದ ಮಕ್ಕಳ ಮುಖ ನೋಡುವ ಪಾಳಿ ಬರಬಾರದೆಂಬುದೇ ಸಂಸಾರಸ್ಥನ ಚಿಂತೆ. ಆದರೆ ರಾಶಿಯ ದಿನ ಕಣದಲ್ಲಿ ಅಳೆದಾಗ ಶರಣರ ಹೊಲದ ಕಾಳು ಉಳಿದವರಿಗಿಂತ ಕಡಿಮೆಯಾಗಲಿಲ್ಲ ಎಂದು ಭಕ್ತರು ನಂಬಿಕೊಂಡು ಬಂದಿದ್ದಾರೆ.

ಇದನ್ನು ಪವಾಡವೆಂದು ನಂಬುವವರು ನಂಬಲಿ. ನಂಬಲಾಗದವರ ಮೇಲೆ ನಮಗೇನೂ ಕೋಪವಿಲ್ಲ. ಅವರು ಒಂದು ಮಾತನ್ನು ಮಾತ್ರ ಗಮನಿಸಲಿ. ತೊಗರಿ ಕಡಲೆಗೆ ಕಾಯಿಕೊರಕ ಹುಳು ಬಿದ್ದಾಗ ಹೊಲದ ನಡುವೆ ಅಲ್ಲಲ್ಲಿ ಕವಲುಕೋಲು ನೆಡಿರಿ, ಹಕ್ಕಿ ಬಂದು ಕೂತು ಹುಳು ತಿನ್ನುತ್ತವೆ ಎಂದು ಇಂದಿನ ಕೃಷಿ ವಿಜ್ಞಾನಿಗಳು ಸಲಹೆ ಕೊಡುತ್ತಾರೆ. 1997-98ರಲ್ಲಿ ನಮ್ಮ ಭಾಗದಲ್ಲಿ ಆ ಹುಳುವಿನ ಹಾವಳಿಗೆ ತೊಗರಿ ನೆಲಕಚ್ಚಿದ್ದು ಹಿರಿಯರಿಗೆ ನೆನಪಿದೆ. ಎಣ್ಣೆಯ ಮೇಲೆ ಎಣ್ಣೆ ಹೊಡೆದರೂ ಹುಳು ಸಾಯಲಿಲ್ಲ, ಸಾಲ ಮಾತ್ರ ಏರಿತು. ಹಕ್ಕಿ ನಮ್ಮಿಂದ ತಿನ್ನುವುದು ಕಣ್ಣಿಗೆ ಕಾಣುತ್ತದೆ, ನಮಗಾಗಿ ತಿನ್ನುವುದು ಕಾಣುವುದಿಲ್ಲ. ಕಾಣದ ಉಪಕಾರವನ್ನು ಕಾಣುವ ಕಣ್ಣು ಶರಣರಿಗೆ ಇನ್ನೂರು ವರ್ಷಗಳ ಹಿಂದೆಯೇ ಇತ್ತು.

ಹಾಗೆಂದು ಶರಣರು ಏನೋ ಹೊಸದನ್ನು ತಂದರೆಂದು ಹೇಳುವುದು ಸರಿಯಾಗದು. ನಮ್ಮ ಒಕ್ಕಲುತನದಲ್ಲಿ ನೆನೆಯುವ ಪದ್ಧತಿ ಮೊದಲಿನಿಂದಲೂ ಇದೆ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ ಅದರ ಋಣ ನೆನೆಯುತ್ತೇವೆ. ಸೀಗಿ ಹುಣ್ಣಿಮೆಗೆ ತುಂಬಿ ನಿಂತ ಭೂಮಿತಾಯಿಗೆ ಬಯಕೆಯ ಊಟವೆಂದು ಬುತ್ತಿ ಒಯ್ಯುತ್ತೇವೆ. ಎಳ್ಳಮಾವಾಸ್ಯೆಗಂತೂ ಕಲಬುರಗಿ ಸೀಮೆಯಲ್ಲಿ ಊರೇ ಖಾಲಿ. ಸಜ್ಜೆಯ ರೊಟ್ಟಿ, ಜೋಳದ ಕಡುಬು, ಬಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಬೆಳೆಯ ನಡುವೆ ಚರಗ ಚೆಲ್ಲಿ ಆಮೇಲೆ ಉಣ್ಣುವುದು. ಉಣ್ಣುವ ಹೊತ್ತಿಗೆ ದಾರಿಯಲ್ಲಿ ಹೋಗುವವನನ್ನು ಕರೆಯದೆ ಬಿಟ್ಟರೆ ಅಪಚಾರ. ಕಣದ ಮೇಲೆ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಲಿಗರಿಗೆಲ್ಲ ಆಯದ ಪಾಲು ಅಳೆದುಕೊಟ್ಟ ಮೇಲೆಯೇ ಉಳಿದದ್ದು ಮನೆಗೆ.

ಆದರೆ ನಮಗೆ ಚರಗ ವರ್ಷಕ್ಕೆ ಒಂದು ದಿನ. ಶರಣರ ಮನೆಯಲ್ಲಿ ದಿನಾಲು ಎಳ್ಳಮಾವಾಸ್ಯೆ. ನಾವು ಹಬ್ಬಕ್ಕೆಂದು ಎತ್ತಿಟ್ಟ ಭಾವವನ್ನು ಅವರು ಬುಧವಾರಕ್ಕೂ ಗುರುವಾರಕ್ಕೂ ತಂದರು. ಮಹಾದಾಸೋಹಿ ಎಂಬ ಹೆಸರು ಅವರಿಗೆ ಬಂದದ್ದು ಒಂದು ದಿನ ಲಕ್ಷ ಜನಕ್ಕೆ ಊಟ ಹಾಕಿದ್ದಕ್ಕಲ್ಲ. ಬಾಗಿಲು ಮುಚ್ಚಿದ ದಿನ ಇರಲಿಲ್ಲ ಎಂಬುದಕ್ಕೆ.

ಇಲ್ಲಿ ಮಹಾದೇವಿ ತಾಯಿಯವರನ್ನು ನೆನೆಯದೆ ಮುಂದೆ ಹೋಗಬಾರದು. ಚರಿತ್ರೆಗಳು ದಾಸೋಹ ನಡೆಯಿತೆಂದು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ನಡೆಸಿದವರಾರು? ಜೋಳ ಹಸನು ಮಾಡಬೇಕು. ಕೋಳಿ ಕೂಗುವ ಮೊದಲು ಬೀಸುಕಲ್ಲಿನ ಮುಂದೆ ಕೂಡಬೇಕು. ನೀರು ಹೊರಬೇಕು, ಕುಳ್ಳು ಕಟ್ಟಿಗೆ ಕೂಡಿಸಬೇಕು. ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ರೊಟ್ಟಿ ಬಡಿಯಬೇಕು. ಇನ್ನೇನು ತಾವು ಕೂತು ಉಣ್ಣಬೇಕೆನ್ನುವಷ್ಟರಲ್ಲಿ ಹೊಸ್ತಿಲಲ್ಲಿ ಇನ್ನೊಬ್ಬ ಜಂಗಮ ಬಂದು ನಿಂತಿರುತ್ತಾನೆ. ತಮ್ಮ ತಾಟಿನ ರೊಟ್ಟಿಯನ್ನು ಎತ್ತಿ ಅವನಿಗೆ ನೀಡಿ, ಅಂಬಲಿ ಕುಡಿದು ಹೊತ್ತು ಕಳೆದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ. ಮನೆಯಲ್ಲಿ ರೊಟ್ಟಿ ಬಡಿದವಳಿಗೆ ರೊಟ್ಟಿ ಚಲೋ ಆಗಿದೆ ಎಂದು ಒಂದು ಮಾತು ಆಡದೆ ನಲವತ್ತು ವರ್ಷ ಉಂಡ ಯಜಮಾನರು ಗುಡಿಗೆ ಬಂದು ದೇವರಿಗೆ ಕೃತಜ್ಞತೆ ಹೇಳಿದರೆ ಆ ದೇವರು ಅದನ್ನು ಕೇಳುತ್ತಾನೆಯೇ ಎಂಬುದು ನಮ್ಮ ಸಂಶಯ. ಕೃತಜ್ಞತೆ ಎಂದರೆ ಮಾಡಿದ್ದನ್ನು ಅರಿಯುವುದು. ಮಾಡಿದವರು ಅಡುಗೆಮನೆಯಲ್ಲಿಯೇ ಇದ್ದಾರೆ.

ಶರಣರ ಕಣಜಕ್ಕೆ ಕಳ್ಳರು ಬಂದ ಕಥೆಯನ್ನೂ ಪುರಾಣ ಹೇಳುವವರು ಸೊಗಸಾಗಿ ಹೇಳುತ್ತಾರೆ. ಕಳ್ಳರು ಚೀಲ ತುಂಬಿಕೊಂಡರು, ಭಾರವಾಗಿ ಎತ್ತಲಾಗಲಿಲ್ಲ. ಕತ್ತಲೆಯಲ್ಲಿ ಒಬ್ಬರು ಬಂದು ಕೈ ಹಚ್ಚಿ ಹೊರೆ ಹೊರಿಸಿದರು. ಅವರೇ ಮನೆಯ ಯಜಮಾನರೆಂದು ತಿಳಿದ ಮೇಲೆ ಹೊರೆ ಹೊತ್ತವರ ಕಾಲು ಮುಂದೆ ಹೋಗಲಿಲ್ಲ. ಕಳ್ಳತನಕ್ಕೆ ಶರಣರು ಸಹಾಯ ಮಾಡಿದರೆಂದು ಇದಕ್ಕೆ ಅರ್ಥ ಮಾಡಬಾರದು. ಹಸಿವು ಅವರನ್ನು ಕರೆತಂದಿತ್ತು, ಹಸಿದವನ ಪಾಲು ಕಣಜದಲ್ಲಿ ಮೊದಲಿನಿಂದಲೂ ಇತ್ತು. ತಮ್ಮ ಪಾಲನ್ನು ಕದಿಯಲು ಬಂದವರನ್ನು ಕಳ್ಳರೆಂದು ಕರೆಯಲು ಶರಣರಿಗೆ ಬಾಯಿ ಬರಲಿಲ್ಲ.

ಇಷ್ಟೆಲ್ಲ ಕೇಳಿದ ಹಿರಿಯರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ. ಕಣಜ ತುಂಬಿದವರಿಗೆ ನೆನೆಯುವುದು ಸುಲಭ. ಬಂದದ್ದೆಲ್ಲ ಹೋದಾಗ? ಹೊಲ ಮಾರಿದವರು, ಮಗನನ್ನು ಕಳೆದುಕೊಂಡವರು, ದುಡಿಯಲೆಂದು ಪುಣೆ ಮುಂಬಯಿಗೆ ಹೋದ ಮಕ್ಕಳು ವರ್ಷಕ್ಕೊಮ್ಮೆಯೂ ಬಾರದೆ ಇಬ್ಬರೇ ಹಳೆಯ ಮನೆಯಲ್ಲಿ ಉಳಿದವರು ಯಾವುದನ್ನು ನೆನೆಯಬೇಕು? ಈ ಪ್ರಶ್ನೆಗೆ ತೇಲಿಸಿ ಉತ್ತರ ಕೊಡುವುದು ಪಾಪ.

ಶರಣರ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ಸಂಸಾರದ ಅಗಲಿಕೆಗಳ ನೋವನ್ನು ಅವರೂ ಉಂಡರೆಂದು, ಆ ಬಳಿಕ ಹುಟ್ಟಿದ ಊರನ್ನೇ ಬಿಟ್ಟು ಹೊರಟರೆಂದು ಪುರಾಣ ಹೇಳುವ ಹಿರಿಯರು ನೆನೆಯುತ್ತಾರೆ. ಕಾಲವೂ ಒಳ್ಳೆಯದಿರಲಿಲ್ಲ. ಅವರು ನಲವತ್ತೈದರ ಹರೆಯದಲ್ಲಿದ್ದಾಗ, 1791-92ರಲ್ಲಿ, ದಖ್ಖನ್ನಿನ ಮೇಲೆ ಭೀಕರ ಬರ ಬಂತು. ಡೋಗಿ ಬರವೆಂದು ಜನ ಅದನ್ನು ಕರೆದರು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ದಾರಿಯಲ್ಲಿ ಬಿದ್ದಿದ್ದವೆಂದು ಆ ಹೆಸರು. 1795ರಲ್ಲಿ ಖರ್ಡಾದಲ್ಲಿ ನಿಜಾಮರಿಗೂ ಮರಾಠರಿಗೂ ಯುದ್ಧವಾಯಿತು. ಅದರ ಮುಂದಿನ ವರ್ಷಗಳಲ್ಲಿ ಪಿಂಡಾರಿಗಳ ಕುದುರೆಗಳು ದಖ್ಖನ್ನಿನ ಹಳ್ಳಿಗಳನ್ನು ತುಳಿದವು. ದಂಡು ಬಂತೆಂದರೆ ಹಗೇವಿನ ಬಾಯಿ ಮುಚ್ಚಿ ಜೀವ ಕೈಯಲ್ಲಿ ಹಿಡಿದು ಓಡಬೇಕಾದ ಕಾಲ.

ಅಂಥ ಕಾಲದಲ್ಲಿ ಮನುಷ್ಯ ಸಹಜವಾಗಿ ಏನು ಮಾಡುತ್ತಾನೆ? ಇದ್ದದ್ದನ್ನು ಹೂತಿಡುತ್ತಾನೆ. ಬಾಗಿಲಿಗೆ ಅಗಳಿ ಹಾಕುತ್ತಾನೆ. ಶರಣರು ಅಂಥ ಕಾಲದಲ್ಲಿಯೇ ಬಾಗಿಲು ತೆರೆದು ಕೂತವರು. ನನ್ನದೆಲ್ಲ ಹೋಯಿತು ಎಂದು ಕೂಡಲಿಲ್ಲ. ಉಳಿದದ್ದು ಏನೆಂದು ನೋಡಿದರು. ಕೈ ಉಳಿದಿತ್ತು, ಕೊರಳ ಮೇಲಿನ ಲಿಂಗ ಉಳಿದಿತ್ತು, ಹಸಿದು ಬರುವವರು ಉಳಿದಿದ್ದರು. ದುಃಖವನ್ನು ಅವರು ಅಲ್ಲಗಳೆಯಲಿಲ್ಲ, ಅದಕ್ಕೊಂದು ಕೆಲಸ ಕೊಟ್ಟರು. ತನ್ನ ಮನೆಯ ಒಲೆ ಆರಿದವನಿಗೇ ಊರಿನ ಒಲೆಯ ಬೆಲೆ ತಿಳಿಯುತ್ತದೆ. ಮಗ್ಗುಲ ಮನೆಯ ಅಜ್ಜಿ ತಂದುಕೊಟ್ಟ ಒಂದು ಬಟ್ಟಲು ಸಾರು, ಬಿಸಿಲಲ್ಲಿ ನಡೆದು ಬಂದಾಗ ಯಾರೋ ಕೊಟ್ಟ ಒಂದು ಚೆರಿಗೆ ನೀರು, ರಾತ್ರಿ ಕೆಮ್ಮಿದಾಗ ಏನಾಯಿತೆಂದು ಕೇಳಿದ ನೆರೆಯವನ ದನಿ. ಎಲ್ಲವನ್ನೂ ಕಳೆದುಕೊಂಡವರು ಇಂಥವನ್ನೇ ನೆನೆಯುತ್ತಾರೆ, ಅವರನ್ನು ಕೇಳಿ ನೋಡಿರಿ. ದೊಡ್ಡ ವರಗಳನ್ನು ಅವರು ನೆನೆಯುವುದಿಲ್ಲ.

ಹೀಗೆ ಹೊರಟ ಶರಣರು ಕೊನೆಗೆ ನೆಲೆ ನಿಂತದ್ದು ಕಲಬುರಗಿಯಲ್ಲಿ. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಊರು ಅದು. ಖಾಜಾ ಬಂದೇನವಾಜರ ದರ್ಗಾ ಶತಮಾನಗಳಿಂದ ಜನರನ್ನು ಕರೆಯುತ್ತಿದ್ದ ಊರು. ಶರಣರ ಕಾಲಕ್ಕೆ ನಿಜಾಮರ ಆಡಳಿತ. ಅಲ್ಲಿ ದೊಡ್ಡಪ್ಪಗೌಡರು ಅವರನ್ನು ಬರಮಾಡಿಕೊಂಡು ದಾಸೋಹಕ್ಕೆ ಹೆಗಲು ಕೊಟ್ಟರು. ಬಂದವರ ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ, ಯಾವ ದಂಡಿನ ಕಡೆಯವರೆಂದೂ ಕೇಳಲಿಲ್ಲ. ಹಸಿದವರೋ ಅಲ್ಲವೋ ಎಂಬುದಷ್ಟೇ ಅಲ್ಲಿಯ ವಿಚಾರಣೆ. ಇಂದಿಗೂ ಕಲಬುರಗಿಗೆ ಬಂದ ಹಳ್ಳಿಯವರು ಗುಡಿಗೂ ಹೋಗುತ್ತಾರೆ, ದರ್ಗಾಕ್ಕೂ ಹೋಗುತ್ತಾರೆ. ಅನ್ನಕ್ಕೆ ಮತವಿಲ್ಲವೆಂಬುದು ಅವರಿಗೆ ಯಾರೂ ಪಾಠ ಮಾಡಿ ಹೇಳಿದ್ದಲ್ಲ.

ಪರುಷ ಬಟ್ಟಲಿನ ವಿಚಾರ ಇಲ್ಲಿ ಮತ್ತೆ ಬರುತ್ತದೆ. ಪರುಷವೆಂದರೆ ಕಬ್ಬಿಣವನ್ನು ಹೊನ್ನು ಮಾಡುವ ಕಲ್ಲೆಂದು ಕಥೆಗಳಲ್ಲಿ ಕೇಳಿದ್ದೇವೆ. ಶರಣರ ಬಟ್ಟಲು ಹೊನ್ನು ಮಾಡಿದ್ದರೆ ಅರಸರು ಅದನ್ನು ಬಿಡುತ್ತಿರಲಿಲ್ಲ. ಅದು ಮಾಡಿದ್ದು ಬೇರೆಯದೇ ಕೆಲಸ, ಪದಾರ್ಥವನ್ನು ಪ್ರಸಾದ ಮಾಡಿತು. ನಮ್ಮ ಧರ್ಮದಲ್ಲಿ ಈ ಎರಡು ಶಬ್ದಗಳ ನಡುವೆ ಹೊಲದಷ್ಟು ಅಂತರವಿದೆ. ಅಂಗಡಿಯಿಂದ ತಂದದ್ದು ಪದಾರ್ಥ. ಲಿಂಗಕ್ಕೆ ಅರ್ಪಿಸಿ, ಇದು ನನ್ನದಲ್ಲ, ನನಗೆ ಬಂದದ್ದು ಎಂದು ತಿಳಿದು ಸ್ವೀಕರಿಸಿದಾಗ ಅದೇ ಪ್ರಸಾದ. ರುಚಿ ಬದಲಾಗುವುದಿಲ್ಲ, ಬೆಲೆ ಬದಲಾಗುವುದಿಲ್ಲ. ಉಣ್ಣುವವನು ಬದಲಾಗುತ್ತಾನೆ. ಪ್ರಸಾದವೆಂದು ತಿಳಿದ ಹಿರಿಯರು ತಾಟಿನಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ. ತಾಟು ತೊಳೆದ ನೀರನ್ನೂ ಕುಡಿಯುತ್ತಿದ್ದರು. ಇಂದು ನಮ್ಮ ಮದುವೆಗಳ ಪಂಕ್ತಿ ಎದ್ದ ಮೇಲೆ ಎಲೆಗಳನ್ನು ನೋಡಿರಿ, ಅರ್ಧ ಹೋಳಿಗೆ, ಮುಟ್ಟದ ಅನ್ನ, ಕಚ್ಚಿ ಬಿಟ್ಟ ಬಾಳೆಹಣ್ಣು. ಅಷ್ಟು ಬಗೆಯ ಅಡುಗೆ ಮಾಡಿಸಿದವರಿಗೆ ಪ್ರತಿಷ್ಠೆಯ ಚಿಂತೆಯಿತ್ತು, ಉಂಡವರಿಗೆ ಮೊಬೈಲಿನ ಚಿಂತೆಯಿತ್ತು. ಅನ್ನವನ್ನು ನೆನೆದವರು ಆ ಮಂಟಪದಲ್ಲಿ ಎಷ್ಟು ಜನರಿದ್ದರೋ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಕೊಟ್ಟದ್ದನ್ನು ಸಾರುವ ಚಟ ಈಗ ಹೆಚ್ಚಾಗಿದೆ. ಗುಡಿಗೆ ಒಂದು ಫ್ಯಾನು ಕೊಟ್ಟರೆ ಮೂರು ಎಲೆಗಳ ಮೇಲೂ ಹೆಸರು. ಟ್ಯೂಬ್‌ಲೈಟು ಕೊಟ್ಟರೆ ಬೆಳಕಿಗೆ ಅಡ್ಡ ಬರುವಷ್ಟು ದಪ್ಪ ಅಕ್ಷರ. ಪಡೆದದ್ದರ ಪಟ್ಟಿ ಮಾತ್ರ ಯಾವ ಗೋಡೆಯ ಮೇಲೂ ಕಾಣುವುದಿಲ್ಲ. ಹಕ್ಕಿಗಳಿಗೆ ಕಾಳು ಬಿಟ್ಟ ಶರಣರು ಯಾವ ಹಕ್ಕಿಯಿಂದಲೂ ಸಹಿ ಪಡೆಯಲಿಲ್ಲ.

ನೆನೆಯಬೇಕೆಂಬ ಮಾತನ್ನು ಬಡವನ ಬಾಯಿ ಮುಚ್ಚಿಸಲು ಬಳಸುವವರೂ ಇದ್ದಾರೆ. ಕೂಲಿ ಹೆಚ್ಚು ಕೇಳಿದ ಆಳಿಗೆ ಇದ್ದದ್ದರಲ್ಲಿ ತೃಪ್ತಿ ಪಡು, ದೇವರು ಕೊಟ್ಟದ್ದನ್ನು ನೆನೆ ಎಂದು ಉಪದೇಶ ಮಾಡುತ್ತಾರೆ. ಇದು ಶರಣರ ದಾರಿಯಲ್ಲ. ಶರಣರು ಮೊದಲು ನೆನೆದದ್ದು ತಮಗೆ ಬಂದದ್ದನ್ನು, ಹಂಚಿದ್ದು ತಮ್ಮ ಕಣಜವನ್ನು. ಹೆಚ್ಚು ಪಡೆದವನು ಮೊದಲು ನೆನೆಯಬೇಕು. ದುಡಿದವನ ಬೆವರು ಆರುವ ಮೊದಲು ಅವನ ಕೂಲಿಯನ್ನು ಪೂರ್ತಿಯಾಗಿ, ಮುಖ ಸಿಂಡರಿಸದೆ ಕೊಡುವುದೇ ಹೊಲದ ಯಜಮಾನನಿಗೆ ಒಪ್ಪುವ ಕೃತಜ್ಞತೆ. ಅದನ್ನು ಕೊಡದೆ ಗುಡಿಗೆ ಬೆಳ್ಳಿ ಕೊಟ್ಟರೆ ಬೆಳ್ಳಿಯೇನೋ ಗುಡಿಯಲ್ಲಿ ಇರುತ್ತದೆ.

1822ರಲ್ಲಿ, ತಮ್ಮ ಎಪ್ಪತ್ತಾರರ ಸುಮಾರಿನಲ್ಲಿ ಶರಣರು ಲಿಂಗೈಕ್ಯರಾದರು. ಅವರ ಸಮಾಧಿಯೇ ಇಂದಿನ ಗರ್ಭಗುಡಿ. ಮುಂದೆ ಮೂವತ್ತಾರು ಕಂಬಗಳ ಸಭಾಮಂಟಪ, ಹತ್ತಿರದಲ್ಲಿಯೇ ಅಪ್ಪನ ಕೆರೆ. ದೊಡ್ಡಪ್ಪಗೌಡರು ಆದಿ ದೊಡ್ಡಪ್ಪ ಅಪ್ಪಗಳಾಗಿ ದಾಸೋಹ ಪೀಠದ ಮೊದಲ ಅಧಿಪತಿಯಾದರು. ಅರಸೊತ್ತಿಗೆ ಹೋಯಿತು, 1948ರಲ್ಲಿ ನಿಜಾಮರ ಆಡಳಿತ ಮುಗಿಯಿತು, ಊರಿನ ಹೆಸರು 2014ರಲ್ಲಿ ಗುಲಬರ್ಗಾದಿಂದ ಅಧಿಕೃತವಾಗಿ ಕಲಬುರಗಿಯಾಯಿತು. ಒಲೆ ಮಾತ್ರ ಆರಲಿಲ್ಲ. ಅನ್ನದಾಸೋಹದ ಜೊತೆಗೆ ಜ್ಞಾನದಾಸೋಹವೂ ಸೇರಿ, ಹಳ್ಳಿಯ ಹೆಣ್ಣುಮಕ್ಕಳು ಪಾಟಿ ಚೀಲ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತುವವರೆಗೆ ಅದು ಬೆಳೆಯಿತು. ಎಂಟನೆಯ ಪೀಠಾಧಿಪತಿ ಡಾ. ಶರಣಬಸವಪ್ಪ ಅಪ್ಪ ಅವರು 1983ರಿಂದ ನಾಲ್ಕು ದಶಕಗಳಿಗೂ ಮಿಕ್ಕಿ ಈ ಹೊಣೆ ಹೊತ್ತು, 2025ರ ಆಗಸ್ಟ್ 14ರಂದು ಲಿಂಗೈಕ್ಯರಾದರು. ಅವರ ಅಂತಿಮ ದರ್ಶನಕ್ಕೆ ಬಂದ ಜನಸಾಗರವನ್ನು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಅಂದು ಬಂದವರಲ್ಲಿ ಬೇಡಲು ಬಂದವರು ಯಾರೂ ಇರಲಿಲ್ಲ. ಇಲ್ಲಿ ಉಂಡದ್ದನ್ನು, ಇಲ್ಲಿ ಓದಿದ್ದನ್ನು ನೆನೆದು ಬಂದವರೇ ಎಲ್ಲ. ಒಂಬತ್ತನೆಯ ಪೀಠಾಧಿಪತಿಯಾಗಿ ಬಾಲಕ ದೊಡ್ಡಪ್ಪ ಅಪ್ಪ ಆ ಪರಂಪರೆಯ ಹೊಣೆ ಹೊತ್ತಿದ್ದಾರೆ.

ಜಾತ್ರೆಯಿಂದ ಊರಿಗೆ ಮರಳುವವರ ಕೈಯಲ್ಲಿ ಬೆಂಡು ಬತ್ತಾಸು, ಮಕ್ಕಳ ಪೀಪಿ, ಬಳೆಗಳ ಗಂಟು ಇರುತ್ತವೆ. ಕೆಲವರ ಕಂಕುಳಲ್ಲಿ ಹೊಸ ಮಣ್ಣಿನ ಕೊಡ. ಮುಂದೆ ಕಲಬುರಗಿಯ ಬೇಸಿಗೆ, ಬಿಸಿಲು ನಲವತ್ತು ಡಿಗ್ರಿ ದಾಟುವ ದಿನಗಳು. ಹೊಸ ಕೊಡದ ನೀರು ಮನೆಯವರಿಗೆ. ಬಾಯಿ ಒಡೆದ ಹಳೆಯ ಕೊಡದ ತಳವನ್ನು ಎಸೆಯದೆ ಮಾಳಿಗೆಯ ಮೇಲೆ ನೆರಳಿರುವ ಮೂಲೆಯಲ್ಲಿ ಇಟ್ಟು ನೀರು ತುಂಬಿಸುವ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಪಕ್ಕದಲ್ಲಿ ಒಂದು ಹಿಡಿ ನುಚ್ಚು. ಮನೆಯವರು ಏಳುವ ಮೊದಲೇ ಗುಬ್ಬಿಗಳು ಬಂದು, ತಮ್ಮ ಪಾಲು ಮುಗಿಸಿ, ನೀರಿನಲ್ಲಿ ರೆಕ್ಕೆ ತೋಯಿಸಿಕೊಂಡು ಹೋಗಿರುತ್ತವೆ.